ಉಳಿ ಮಸೆಯಲು ಯಾವುದು ವಾಸಿ? ಎಣ್ಣೆ ಕಲ್ಲು, ನೀರು ಕಲ್ಲು, ಡೈಮಂಡ್ ಪ್ಲೇಟು

ಮೊದಲೇ ಹೇಳಿಬಿಡುತ್ತೇನೆ. ಮೂರನ್ನೂ ಬಳಸಿ ನೋಡಿದ ಮೇಲೆ ನನ್ನ ಮೇಜಿನ ಮೇಲೆ ಉಳಿದದ್ದು ಡೈಮಂಡ್ ಪ್ಲೇಟು. ಎಣ್ಣೆ ಕಲ್ಲು ಅಡುಗೆಮನೆಗೆ ಹೋಯಿತು. ನೀರು ಕಲ್ಲನ್ನು ಗೆಳೆಯನಿಗೆ ಕೊಟ್ಟೆ. ಮೂರರಲ್ಲಿ ತುಂಬಾ ಆಸೆಪಟ್ಟು ತರಿಸಿದ್ದು ಆ ನೀರು ಕಲ್ಲನ್ನೇ. ಹಾಗಾಗಿ ಇಲ್ಲಿ ಅದರ ಮಾತೇ ಜಾಸ್ತಿ.

ನಮ್ಮ ಮನೆ ಸಾಗರದ ಹತ್ತಿರ. ಹಳೇ ಕೊಟ್ಟಿಗೆಯ ಅರ್ಧ ಭಾಗ ನನ್ನ ವರ್ಕ್‌ಶಾಪು. ಶಿವನಿ, ಹಲಸಿನ ಮರದಲ್ಲಿ ಸಣ್ಣ ಪೆಟ್ಟಿಗೆ, ಸೌಟು, ಕುಂಕುಮದ ಭರಣಿ ಮಾಡುತ್ತೇನೆ. ನಮ್ಮ ಕಡೆಯ ಗುಡಿಗಾರರು ಶ್ರೀಗಂಧದ ಜೊತೆ ಶಿವನಿಯಲ್ಲೂ ಕೆತ್ತುತ್ತಾರೆ. ಅವರ ಕೈಕೆಲಸ ನೋಡಿಯೇ ನನಗೂ ಆ ಮರದ ಮೇಲೆ ಪ್ರೀತಿ ಹುಟ್ಟಿದ್ದು. ಶಿವನಿ ಮೆದು ಮರ. ಮೆದು ಮರಕ್ಕೆ ಹೆಚ್ಚು ಹರಿತ ಬೇಡ ಅಂತ ಅನಿಸಬಹುದು. ಆದರೆ ಅದಕ್ಕೇ ಜಾಸ್ತಿ ಹರಿತ ಬೇಕು. ಮೊಂಡು ಉಳಿ ಮೆದು ಮರದ ನಾರನ್ನು ಕತ್ತರಿಸುವುದಿಲ್ಲ, ಜಜ್ಜುತ್ತದೆ. ಹಲಗೆಯ ತುದಿ ಮುಖವನ್ನು, ಅಂದರೆ ನಾರು ಅಡ್ಡ ಕತ್ತರಿಸಿದ ಕಡೆಯನ್ನು, ಸವರುವಾಗ ಇದು ಚೆನ್ನಾಗಿ ಕಾಣುತ್ತದೆ. ಉಳಿ ಹರಿತವಾಗಿದ್ದರೆ ಆ ಮುಖ ಮೇಣ ಸವರಿದಂತೆ ಹೊಳೆಯುತ್ತದೆ, ಇಲ್ಲದಿದ್ದರೆ ಬೆಳ್ಳಗೆ ಪುಡಿಪುಡಿಯಾಗಿ ಕಿತ್ತು ಬರುತ್ತದೆ.

ನನಗೆ ಸಿಗುವುದು ರಾತ್ರಿ ಊಟ ಆದ ಮೇಲಿನ ಒಂದೂವರೆ ಗಂಟೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುವುದೆಲ್ಲ ಇದರ ಮೇಲೇ ನಿಂತಿದೆ.

ಎಣ್ಣೆ ಕಲ್ಲಿನದು ಚುಟುಕಾಗಿ ಮುಗಿಸುತ್ತೇನೆ. ಹಾರ್ಡ್‌ವೇರ್ ಅಂಗಡಿಯಲ್ಲಿ 350 ರೂಪಾಯಿಗೆ ಸಿಕ್ಕ ಕಾರ್ಬೊರಂಡಮ್ ಕಲ್ಲು, ಒಂದು ಮುಖ ಒರಟು, ಇನ್ನೊಂದು ನಯ. ಎರಡು ವರ್ಷ ಅದರಲ್ಲೇ ಕಲಿತೆ. ನಯದ ಮುಖವೂ ಸೂಕ್ಷ್ಮ ಕೆಲಸಕ್ಕೆ ಸಾಲುವುದಿಲ್ಲ. ಅದಕ್ಕಿಂತ ತೊಂದರೆ ಕೊಟ್ಟಿದ್ದು ಎಣ್ಣೆ. ಬೆರಳಿಗೆ ಅಂಟಿದ್ದು ಶಿವನಿಯ ತಿಳಿ ಬಣ್ಣದ ಮೇಲೆ ಕೂತರೆ ಆ ಕಲೆ ಹೋಗುವುದಿಲ್ಲ, ಅಲ್ಲಿ ಪಾಲಿಶ್ ಕೂಡ ಸರಿಯಾಗಿ ಹಿಡಿಯುವುದಿಲ್ಲ. ಕೈಗೆ ಸಿಕ್ಕಿತು ಅಂತ ತೆಂಗಿನೆಣ್ಣೆ ಹಾಕಬೇಡಿ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ನಮ್ಮಲ್ಲಿ ಡಿಸೆಂಬರ್ ರಾತ್ರಿ ಕಲ್ಲಿನ ಮೇಲೆ ತುಪ್ಪ ಸವರಿದಂತೆ ಆಗುತ್ತಿತ್ತು. ತೆಳು ಮಷಿನ್ ಆಯಿಲ್ ವಾಸಿ.

ಆಮೇಲೆ 1,800 ರೂಪಾಯಿ ಕೊಟ್ಟು ನೀರು ಕಲ್ಲು ತರಿಸಿದೆ. ಒಂದು ಮುಖ 1000, ಇನ್ನೊಂದು 6000. ಇವು ಕಲ್ಲಿನ ಕಣದ ಅಳತೆ, ಅಂಕಿ ಹೆಚ್ಚಿದಷ್ಟೂ ನಯ. 1000ದ ಮುಖ ನೀರು ಕುಡಿಯಬೇಕು. ಮುಳುಗಿಸಿಟ್ಟರೆ ಸಣ್ಣ ಗುಳ್ಳೆಗಳು ಏಳುತ್ತವೆ, ಅವು ನಿಲ್ಲುವವರೆಗೆ ಹತ್ತು ನಿಮಿಷ ಕಾಯಬೇಕು. ಮೊದಲ ದಿನ ಉಳಿಯ ಬೆನ್ನನ್ನು, ಅಂದರೆ ಚಪ್ಪಟೆ ಮುಖವನ್ನು, 6000ದ ಮೇಲೆ ಉಜ್ಜಿ ಬಟ್ಟೆಯಲ್ಲಿ ಒರೆಸಿದೆ. ಮೇಲಿನ ಬಲ್ಬು ಅದರಲ್ಲಿ ಕಾಣಿಸಿತು. ಶಿವನಿಯ ತುದಿಯನ್ನು ಸವರಿದರೆ ಈರುಳ್ಳಿ ಸಿಪ್ಪೆಯಷ್ಟು ತೆಳು ಸುರುಳಿ ಎದ್ದು ಬಂತು. ಅಷ್ಟು ಒಳ್ಳೆ ಹರಿತ ಬೇರೆ ಯಾವುದರಲ್ಲೂ ನನಗೆ ಸಿಕ್ಕಿಲ್ಲ. ಈ ಮಾತನ್ನು ಇವತ್ತಿಗೂ ಹೇಳುತ್ತೇನೆ.

ಎರಡು ತಿಂಗಳಾದ ಮೇಲೆ ಒಂದು ಪೆಟ್ಟಿಗೆಗೆ ಡವ್‌ಟೇಲ್ ಜಾಯಿಂಟ್ ಕೂರಿಸುತ್ತಿದ್ದೆ. ಎರಡು ಹಲಗೆಯ ತುದಿಗಳನ್ನು ಪಾರಿವಾಳದ ಬಾಲದ ಆಕಾರದ ಹಲ್ಲುಗಳಿಂದ ಮೂಲೆಯಲ್ಲಿ ಸೇರಿಸುವ ಜೋಡಣೆ ಅದು. ಕೂರಲೇ ಇಲ್ಲ. ಗರಗಸ ಸೊಟ್ಟ ಹೋಗಿದೆ ಅಂದುಕೊಂಡೆ. ಹೊಸ ಹಲಗೆ ತೆಗೆದುಕೊಂಡು ಮತ್ತೆ ಕೊಯ್ದೆ, ಅದೂ ಹಾಗೇ. ನೋಡಿದರೆ ಒಳಮೂಲೆಗಳಲ್ಲೆಲ್ಲ ನಾರಿನ ಎಳೆ ಉಳಿದುಕೊಂಡಿತ್ತು. ಉಳಿಯನ್ನು ಎಷ್ಟು ಒತ್ತಿದರೂ ಅದರ ಮೂಲೆ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಬೆನ್ನನ್ನು ಗೆರೆಗೆ ಒರಗಿಸಿ ಹಿಡಿದರೆ ಉಳಿ ಸಣ್ಣಗೆ ಅತ್ತಿತ್ತ ವಾಲುತ್ತಿತ್ತು. ಒಂದು ವಾರ, ಮೂರು ಹಲಗೆ ಹೀಗೇ ಹೋದವು.

ಮನೆ ಬಾಗಿಲು ಸರಿಮಾಡಲು ಬಂದ ಆಚಾರ್ರು ಇದನ್ನು ಕಂಡುಹಿಡಿದರು. ಅವರು ಉಳಿಯನ್ನು ನೋಡಲೇ ಇಲ್ಲ. ಕಲ್ಲನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಬೆಳಕಿಗೆ ಹಿಡಿದರು. "ಕಲ್ಲು ಗುಣಿ ಬಿದ್ದಿದೆ ಮಾರಾಯ್ರೆ, ಉಳಿಗೆ ಯಾಕೆ ಬೈತೀರಿ?" ಅಂದರು.

ಅವರು ಹೋದ ಮೇಲೆ ಕಲ್ಲಿನ ಮೇಲೆ ಪೆನ್ಸಿಲ್ಲಿನಿಂದ ಅಡ್ಡ, ಉದ್ದ ಗೆರೆ ಎಳೆದೆ. ದಪ್ಪ ಗಾಜಿನ ಮೇಲೆ 220ರ ನೀರು ಕಾಗದ (ನೀರು ಹಾಕಿ ಉಜ್ಜುವ ಮರಳು ಕಾಗದ) ಇಟ್ಟು ಕಲ್ಲನ್ನು ಬೋರಲು ಹಾಕಿ ಉಜ್ಜಿದೆ. ನಾಲ್ಕೂ ಅಂಚಿನ ಗೆರೆ ತಕ್ಷಣ ಅಳಿಸಿತು. ನಡುವಿನ ಗೆರೆಗಳು ಹಾಗೇ ಇದ್ದವು. ಹತ್ತು ನಿಮಿಷ ಉಜ್ಜಿದ ಮೇಲೆ ಅವೂ ಹೋದವು. ಕಲ್ಲು ಗುಣಿ ಬಿದ್ದರೆ ಅದರ ಅಂಚು ಎತ್ತರ ಇರುತ್ತದೆ. ಹಾಗಾಗಿ ಉಳಿಯ ಎರಡು ಮೂಲೆಗಳೇ ಜಾಸ್ತಿ ಸವೆದು ಬಾಯಿ, ಅಂದರೆ ಕತ್ತರಿಸುವ ಅಂಚು, ಕಮಾನಿನಂತೆ ಬಾಗುತ್ತದೆ, ಬೆನ್ನು ಉಬ್ಬುತ್ತದೆ. ನನ್ನ ಮೂಲೆಗಳಲ್ಲಿ ನಾರು ಉಳಿದದ್ದು ಇದಕ್ಕೇ.

ಇದು ಆ ಕಲ್ಲಿನ ದೋಷ ಅಲ್ಲ. ನೀರು ಕಲ್ಲಿನ ಕಣಗಳನ್ನು ಮೆದುವಾಗಿ ಹಿಡಿಸಿರುತ್ತಾರೆ. ಸವೆದ ಕಣ ಉದುರಿ ಹೊಸ ಕಣ ಮೇಲೆ ಬರುತ್ತದೆ. ಅದು ಬೇಗ ಕತ್ತರಿಸುವುದು ಅದರಿಂದಲೇ, ಬೇಗ ಗುಣಿ ಬೀಳುವುದೂ ಅದರಿಂದಲೇ. ನಾನು ಜಾಸ್ತಿ ಬಳಸುವುದು 6 ಮಿಲಿಮೀಟರಿನ ಉಳಿ. ಅಷ್ಟು ಕಿರಿದಾದ ಉಳಿಯನ್ನು ನಡುವಿನಲ್ಲೇ ಉಜ್ಜಿದರೆ ಕೆಲವೇ ದಿನದಲ್ಲಿ ಕಾಲುವೆ ಆಗುತ್ತದೆ. ಹಾಗಾಗಿ ಪ್ರತಿ ಸಲ ನೆನೆಸಲು ಹತ್ತು ನಿಮಿಷ, ಕಲ್ಲು ಸಮ ಮಾಡಲು ಐದಾರು ನಿಮಿಷ, ಕೆಸರು ತೊಳೆಯಲು ಇನ್ನೊಂದಿಷ್ಟು. ಒಂದೂವರೆ ಗಂಟೆಯಲ್ಲಿ ಇಷ್ಟು ಇದಕ್ಕೇ ಹೋಗುತ್ತಿತ್ತು. ಕೊನೆಗೆ ನಾನು ಮಸೆಯುವುದನ್ನೇ ಮುಂದೂಡತೊಡಗಿದೆ. ಮೊಂಡಾದ ಉಳಿಯಲ್ಲೇ ಇನ್ನೊಂದು ಪೆಟ್ಟು, ಮತ್ತೊಂದು ಪೆಟ್ಟು. ನನಗೆ ಜಾಸ್ತಿ ಬೇಸರ ತಂದದ್ದು ಇದೇ.

ಜುಲೈ ಬಂತು. ನಮ್ಮ ಮಳೆ ಗೊತ್ತಲ್ಲ, ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ. ಕಲ್ಲು ಮೂರು ದಿನವಾದರೂ ಹಸಿ. ಒರೆಸಿಟ್ಟಿದ್ದೆ ಅಂದುಕೊಂಡ ಉಳಿಯ ಬೆನ್ನಲ್ಲಿ ಬೆಳಿಗ್ಗೆ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆಗಳು. ತುಕ್ಕು ಬಾಯಿಯ ತುದಿಗೆ ಬಂದರೆ ಅಷ್ಟೂ ಭಾಗ ಸವೆಸಿ ತೆಗೆಯಬೇಕು.

ಡೈಮಂಡ್ ಪ್ಲೇಟು ತಗೊಂಡದ್ದು ಆ ತಿಂಗಳೇ. ಒಂದು ಬದಿ 400, ಇನ್ನೊಂದು 1000, ದಪ್ಪ ಉಕ್ಕಿನ ಹಾಳೆಯ ಮೇಲೆ ನಿಕ್ಕಲ್ ಲೇಪದಲ್ಲಿ ವಜ್ರದ ಪುಡಿ ಕೂರಿಸಿದ್ದು. 2,900 ರೂಪಾಯಿ. ದುಬಾರಿಯೇ. ಅದಕ್ಕೆ ಮೊದಲು 400 ರೂಪಾಯಿಯ ತೆಳು ತಗಡಿನದು ತಂದಿದ್ದೆ. ಒತ್ತಿದರೆ ಬಾಗುತ್ತಿತ್ತು, ಅಂಥದ್ದು ಬೇಡ.

ನೆನೆಸುವುದಿಲ್ಲ, ಸಮ ಮಾಡುವುದಿಲ್ಲ. ಪಾತ್ರೆ ಸೋಪು ಬೆರೆಸಿದ ನೀರು ನಾಲ್ಕು ಹನಿ ಹಾಕಿ ಉಜ್ಜುತ್ತೇನೆ. ಅಂಚಿನ ಹಿಂಬದಿಗೆ ಬೆರಳು ಸವರಿದರೆ ನೂಲಿನಷ್ಟು ಒರಟು ಸಿಕ್ಕಿತು ಅಂದರೆ ಸಾಕು, ಒರೆಸಿ, ಒಂದು ತೊಟ್ಟು ಮಷಿನ್ ಆಯಿಲ್ ಸವರಿ ಮುಗಿಸುತ್ತೇನೆ. ಮರ ಮುಟ್ಟುವ ಮುಂಚೆ ಆ ಎಣ್ಣೆಯನ್ನು ಒಣ ಬಟ್ಟೆಯಲ್ಲಿ ತೆಗೆಯುತ್ತೇನೆ. ನಾಲ್ಕು ನಿಮಿಷದ ಕೆಲಸ. ಎಷ್ಟು ಉಜ್ಜಿದರೂ ಪ್ಲೇಟು ಸಮವಾಗೇ ಇರುತ್ತದೆ. ಆಮೇಲೆ ಮಾಡಿದ ಪೆಟ್ಟಿಗೆಯ ಜಾಯಿಂಟ್ ಕೊಡತಿಯ ಎರಡು ಮೆಲ್ಲನೆ ಪೆಟ್ಟಿಗೇ ಕೂತಿತು.

ಇದಕ್ಕೂ ಕೊರತೆ ಇದೆ. 6000ದ ಕಲ್ಲು ಕೊಟ್ಟ ಹೊಳಪು 1000ದ ಡೈಮಂಡ್ ಕೊಡುವುದಿಲ್ಲ. ಹಳೇ ಚರ್ಮದ ಬೆಲ್ಟನ್ನು ಪ್ಲೈವುಡ್ ತುಂಡಿಗೆ ಅಂಟಿಸಿ, ಉಕ್ಕಿಗೆ ಹೊಳಪು ಕೊಡುವ ಹಸಿರು ಪಾಲಿಶ್ ಸವರಿಟ್ಟಿದ್ದೇನೆ. ಅದರ ಮೇಲೆ ಉಳಿಯನ್ನು ಹಿಂದಕ್ಕೆ ಮಾತ್ರ ಎಳೆದು ಇಪ್ಪತ್ತು ಸಲ ಸವರಿದರೆ ಸಿಗುವ ಹರಿತ ನನ್ನ ಕೆಲಸಕ್ಕೆ ಸಾಕು. ಹೊಸ ಪ್ಲೇಟು ಮೊದಲ ಕೆಲವು ವಾರ ಜೋರಾಗಿ ಗೀರುತ್ತದೆ, ಆಮೇಲೆ ಪಳಗುತ್ತದೆ. ಆಗ ಹೆದರಿ ಕೈಬಿಡಬೇಡಿ. ಬಲವಾಗಿ ಒತ್ತಲೂ ಬೇಡಿ, ವಜ್ರದ ಕಣ ಕಿತ್ತುಹೋದರೆ ಮತ್ತೆ ಬರುವುದಿಲ್ಲ.

ಕೋನ ಮೂರಕ್ಕೂ ಒಂದೇ: 25 ಡಿಗ್ರಿಗೆ ಮಸೆದು, ತುದಿಗೆ ಮಾತ್ರ 30.

ಕೆತ್ತನೆಯ ಬಾಗಿದ ಉಳಿಗೆ ಈ ಮೂರೂ ಅಷ್ಟಾಗಿ ಒಗ್ಗುವುದಿಲ್ಲ.

ದಿನವಿಡೀ ಇದೇ ಕೆಲಸ, ಪಕ್ಕದಲ್ಲೇ ನಲ್ಲಿ, ಅಗಲ ಕೀಸುಳಿ ಅಲಗನ್ನೇ ಜಾಸ್ತಿ ಮಸೆಯುತ್ತೀರಿ ಅಂತಾದರೆ ನೀರು ಕಲ್ಲು ತಗೊಳ್ಳಿ. ನನ್ನ ಗೆಳೆಯನ ಕೆಲಸ ಹಾಗೇ ಇದೆ, ಅವನು ಖುಷಿಯಾಗಿದ್ದಾನೆ. ಕೈಯಲ್ಲಿ 500 ರೂಪಾಯಿ ಮಾತ್ರ ಇದ್ದರೆ ಎಣ್ಣೆ ಕಲ್ಲು, ಚರ್ಮದ ಪಟ್ಟಿ ಸಾಕು, ಕಲಿಯಲು ಧಾರಾಳ. ನನ್ನ ಹಾಗೆ ರಾತ್ರಿ ಒಂದೂವರೆ ಗಂಟೆ ಮಾತ್ರ ಸಿಗುವವರು, ಅದರಲ್ಲೂ ಮಲೆನಾಡಿನವರು, ದುಡ್ಡು ಕೂಡಿಟ್ಟು ದಪ್ಪ ಡೈಮಂಡ್ ಪ್ಲೇಟನ್ನೇ ತಗೊಳ್ಳಿ. ನನ್ನ ಹಳೇ ಎಣ್ಣೆ ಕಲ್ಲಿನಲ್ಲಿ ಈಗ ಅಮ್ಮನ ಮೆಟ್ಟುಗತ್ತಿ ಮಸೆಯುತ್ತೇನೆ. ಅದಕ್ಕೆ ಅದರಷ್ಟು ಚೆನ್ನಾಗಿ ಹೊಂದುವುದು ಬೇರೆ ಇಲ್ಲ.