ಮಟ್ ಅಥವಾ ಆಲ್ಪೈನ್: ಅಟ್ಯಾಚ್‌ಮೆಂಟ್ ತೆರೆಯಲು ಯಾವುದು?

ಮಟ್, ಆಲ್ಪೈನ್ ಎರಡೂ ಟರ್ಮಿನಲ್‌ನಲ್ಲಿ, ಅಂದರೆ ಬರೀ ಅಕ್ಷರಗಳ ಪರದೆಯಲ್ಲಿ, ಇಮೇಲ್ ಓದುವ ಪ್ರೋಗ್ರಾಂಗಳು. ಎರಡರಲ್ಲೂ 'ವಿ' ಒತ್ತಿದರೆ ಅಟ್ಯಾಚ್‌ಮೆಂಟ್‌ಗಳ ಪಟ್ಟಿ ಬರುತ್ತದೆ. ಯಾವ ಫೈಲನ್ನು ಯಾವ ಪ್ರೋಗ್ರಾಂ ತೆರೆಯಬೇಕು ಅಂತ ಎರಡೂ ಮೇಲ್‌ಕ್ಯಾಪ್ ಫೈಲನ್ನೇ ನೋಡುತ್ತವೆ. ಮತ್ತೆ ವ್ಯತ್ಯಾಸ ಎಲ್ಲಿ?

ಆಲ್ಪೈನ್‌ನಲ್ಲಿ ಏನು ಒತ್ತಬೇಕೆಂದು ಪರದೆಯ ಕೆಳಗೇ ಬರೆದಿರುತ್ತದೆ. ಸೆಟ್ಟಿಂಗ್‌ಗೂ ಮೆನು ಇದೆ. ಹೊಸಬರಿಗೆ ಇದೇ ಸಲೀಸು.

ಮಟ್ ಸ್ವಲ್ಪ ಹಟಮಾರಿ. ಸೆಟ್ಟಿಂಗ್‌ಗಳನ್ನು ಫೈಲಿನಲ್ಲಿ ಕೈಯಾರೆ ಬರೆಯಬೇಕು. ಆದರೆ ಒಮ್ಮೆ ಆ ಫೈಲಿನಲ್ಲಿ ಪಿಡಿಎಫ್‌ಗೆ 'ಆಟೋ_ವ್ಯೂ' (ತಾನಾಗೇ ತೋರಿಸು) ಹಾಕಿ, ಮೇಲ್‌ಕ್ಯಾಪ್‌ನ ಪಿಡಿಎಫ್‌ಟುಟೆಕ್ಸ್ಟ್ (ಪಿಡಿಎಫ್‌ನಿಂದ ಅಕ್ಷರ ತೆಗೆಯುವ ಪ್ರೋಗ್ರಾಂ) ಸಾಲಿಗೆ 'ಕೋಪಿಯಸ್‌ಔಟ್‌ಪುಟ್' ಎಂಬ ಪದ ಸೇರಿಸಿ ನೋಡಿ. ಪಿಡಿಎಫ್‌ನ ಅಕ್ಷರಗಳು ಮೇಲ್ ಒಳಗೇ ಕಾಣುತ್ತವೆ. ಎಸ್‌ಎಸ್‌ಎಚ್‌ನಲ್ಲೇ (ದೂರದ ಕಂಪ್ಯೂಟರನ್ನು ಟರ್ಮಿನಲ್‌ನಿಂದ ಬಳಸುತ್ತಾ) ದಿನ ಕಳೆಯುವವರಿಗೆ ಇದು ಹಬ್ಬ ಅಲ್ವಾ?

ಒಂದು ಕಿರಿಕಿರಿ ಇದೆ. ತೆರೆಯುವ ಪ್ರೋಗ್ರಾಂ ಹಿನ್ನೆಲೆಗೆ ಸರಿದರೆ, ಕೆಲಸ ಮುಗಿಯಿತೆಂದು ಮಟ್ ಅಟ್ಯಾಚ್‌ಮೆಂಟ್‌ನ ತಾತ್ಕಾಲಿಕ ಫೈಲನ್ನು ಅಳಿಸಿಬಿಡುತ್ತದೆ. ಆಮೇಲೆ ನೋಡಲು ಏನೂ ಇರುವುದಿಲ್ಲ! ಆದರೂ ನಾನು ಮಟ್ ಬಿಟ್ಟಿಲ್ಲ ಅನ್ನಿ.