ಮಗುವಿನ ಊಟಕ್ಕೆ ಮಲ್ಟಿ ಕೆಟಲ್: ಹಬೆಗೆ ಸೈ, ನೇರ ಅಡುಗೆಗೆ ಬೇಡ

ಲಾಡ್ಜ್ ರೂಮು, ಆಸ್ಪತ್ರೆ ಎದುರಿನ ಬಾಡಿಗೆ ಕೋಣೆ, ಇನ್ನೂ ಗ್ಯಾಸ್ ಬಾರದ ಹೊಸ ಮನೆ. ಇಂಥ ಕಡೆ ಆಗಷ್ಟೇ ಊಟ ಶುರು ಮಾಡಿದ ಮಗು ಜೊತೆಗಿದ್ದರೆ ಅಂಗಡಿಯವರು ಮೊದಲು ತೆಗೆದು ತೋರಿಸುವುದು ಮಲ್ಟಿ ಕೆಟಲ್. 1.2 ಲೀಟರ್, 600 ವ್ಯಾಟ್, ಅಗಲ ಬಾಯಿಯ ಸ್ಟೀಲ್ ಪಾತ್ರೆ, ಗಾಜಿನ ಮುಚ್ಚಳ, ಒಂದು ತಿರುಗುಗುಂಡಿ, ಜೊತೆಗೆ ಮೊಟ್ಟೆ ಇಡುವ ತಟ್ಟೆ. ಹಲವು ಕಂಪನಿಗಳು ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ತರುತ್ತವೆ, ಬೆಲೆ ಸುಮಾರು ಸಾವಿರದಿಂದ ಎರಡು ಸಾವಿರ ರೂಪಾಯಿ. ಡಬ್ಬದ ಮೇಲೆ ನೂಡಲ್ಸ್, ಸೂಪು, ಗಂಜಿ ಎಲ್ಲದರ ಚಿತ್ರವೂ ಇರುತ್ತದೆ. ದೊಡ್ಡವರ ನೂಡಲ್ಸ್‌ಗೆ ಅದು ಸರಿ. ಆರು ತಿಂಗಳ ಮಗುವಿನ ರಾಗಿ ಸರಿಗೆ ಚಿತ್ರದಲ್ಲಿ ತೋರಿಸಿದ ಹಾಗೆ ಬಳಸಿದರೆ ತಳ ಸೀಯುತ್ತದೆ.

ಕಾರಣ ಇರುವುದು ಅಳತೆಯಲ್ಲಿ. ಆರರಿಂದ ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಹೊತ್ತು ಊಟ, ಹೊತ್ತಿಗೆ ಎರಡು ಮೂರು ಚಮಚದಿಂದ ಶುರುವಾಗಿ ನಿಧಾನಕ್ಕೆ ಅರ್ಧ ಕಪ್ಪಿನವರೆಗೆ. ಅಂದರೆ ಒಂದು ಸಲಕ್ಕೆ ಬೇಯಿಸುವುದು ಹೆಚ್ಚೆಂದರೆ 150 ಮಿ.ಲೀ. ಹದಿನಾಲ್ಕು ಸೆಂಟಿಮೀಟರ್ ಅಗಲದ ತಳದ ಮೇಲೆ ಅಷ್ಟು ಸುರಿದರೆ ಒಂದೇ ಸೆಂಟಿಮೀಟರ್ ದಪ್ಪದ ಪದರವಾಗುತ್ತದೆ. ಕೆಳಗೆ ಉಂಗುರದಾಕಾರದ ಕಾಯಿಲ್. ಅದರ ನೇರಕ್ಕೆ ಇರುವ ಹಿಟ್ಟು ಮೊದಲು ಗಟ್ಟಿಯಾಗುತ್ತದೆ. ಗಟ್ಟಿಯಾದದ್ದು ಮೇಲೆ ಕೆಳಗೆ ತಿರುಗುವುದಿಲ್ಲ, ಅಲ್ಲೇ ಕೂತು ಸೀಯುತ್ತದೆ, ಮೇಲಿನದು ಇನ್ನೂ ಹಸಿಯಾಗಿಯೇ ಇರುತ್ತದೆ. ಕೈಬಿಡದೆ ತಿರುವಿದರೂ ತಳದಲ್ಲಿ ಕಂದು ಉಂಗುರ ಬೀಳದೆ ಇರುವುದು ಅಪರೂಪ. ತಳ ಅತಿಯಾಗಿ ಕಾದಾಗ ಥರ್ಮೋಸ್ಟಾಟ್ ಕರೆಂಟ್ ಕಡಿದುಬಿಡುತ್ತದೆ, ರಾಗಿ ಸರಿ ಅರ್ಧಕ್ಕೆ ನಿಲ್ಲುತ್ತದೆ.

ಅದೇ ಪಾತ್ರೆಯನ್ನು ಹಬೆಪಾತ್ರೆ ಎಂದುಕೊಂಡು ಬಳಸಿದರೆ ಇಷ್ಟು ದುಡ್ಡಿಗೆ ಇದಕ್ಕಿಂತ ಒಳ್ಳೆಯ ಸಾಮಾನು ಸಿಗುವುದು ಕಷ್ಟ. ಕೆಟಲ್‌ಗೆ 400 ಮಿ.ಲೀ. ನೀರು ಹಾಕಿ, ಒಳಗೆ ಗಿಡ್ಡನೆಯ ಸ್ಟೀಲ್ ಸ್ಟ್ಯಾಂಡ್ ಇಟ್ಟು, ಅದರ ಮೇಲೆ 11 ಸೆಂಟಿಮೀಟರ್‌ಗಿಂತ ಅಗಲವಲ್ಲದ ಸ್ಟೀಲ್ ಬಟ್ಟಲು ಕೂರಿಸಿ. ಬಟ್ಟಲಿನ ಮೇಲೊಂದು ಪುಟ್ಟ ತಟ್ಟೆ ಮುಚ್ಚಲೇಬೇಕು. ಇಲ್ಲದಿದ್ದರೆ ಗಾಜಿನ ಮುಚ್ಚಳದಿಂದ ಹಬೆಯ ನೀರು ತೊಟ್ಟಿಕ್ಕಿ, ಎಷ್ಟು ಅಳೆದು ಹಾಕಿದ್ದರೂ ರಾಗಿ ಸರಿ ನೀರಾಗುತ್ತದೆ. ಕೆಟಲ್ ಜೊತೆ ಬರುವ ಮೊಟ್ಟೆ ತಟ್ಟೆ ಪ್ಲಾಸ್ಟಿಕ್ಕಿನದಾದರೆ ಅದನ್ನು ಎತ್ತಿಟ್ಟುಬಿಡಿ. ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ರಿಂಗು ಅಗ್ಗಕ್ಕೇ ಸಿಗುತ್ತದೆ.

ರಾಗಿ ಸರಿಗೆ ಎರಡು ಟೇಬಲ್ ಚಮಚ, ಅಂದರೆ ಸುಮಾರು 15 ಗ್ರಾಂ ಹಿಟ್ಟು, 150 ಮಿ.ಲೀ. ತಣ್ಣೀರು. ಮೊದಲು ಎರಡು ಚಮಚ ನೀರಿನಲ್ಲಿ ಹಿಟ್ಟನ್ನು ಪೇಸ್ಟ್ ಮಾಡಿ, ಆಮೇಲೆ ಉಳಿದ ನೀರು ಸೇರಿಸಿ. ಬಿಸಿನೀರಿಗೆ ಹಿಟ್ಟು ಉದುರಿಸಿದರೆ ಗಂಟು ಕಟ್ಟುತ್ತದೆ, ಆ ಗಂಟಿನ ಒಳಗೆ ಹಸಿ ಹಿಟ್ಟು ಹಾಗೇ ಉಳಿಯುತ್ತದೆ. ಹೊರಗಿನ ನೀರು ಕುದಿಯಲು ಶುರುವಾದ ಮೇಲೆ ಹದಿನೈದು ನಿಮಿಷ, ಮೂರು ನಾಲ್ಕು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ತಿರುವಬೇಕು. ಹಸಿ ವಾಸನೆ ಹೋಗಿ ಹೊಳಪು ಬಂದರೆ ಬೆಂದಿದೆ. ಇಲ್ಲಿ ಸೀಯುವ ಮಾತೇ ಇಲ್ಲ, ಬಟ್ಟಲಿನ ತಳ ಹಬೆಗಿಂತ ಬಿಸಿಯಾಗಲು ಸಾಧ್ಯವಿಲ್ಲ.

ಹಿಟ್ಟು ಮಾತ್ರ ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಸೋಸಿದ್ದೇ ಆಗಿರಲಿ. ಮುದ್ದೆ ಹಿಟ್ಟು ಇದೇ ಅಳತೆಯಲ್ಲಿ ಅಂಟಿನ ಹಾಗೆ ಗಟ್ಟಿಯಾಗುತ್ತದೆ. ತೆಳು ಮಾಡಲು ನೀರು ಸುರಿದರೆ ಮಗುವಿನ ಹೊಟ್ಟೆ ನೀರಿನಲ್ಲೇ ತುಂಬುತ್ತದೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ, ಹೆಚ್ಚು ಹಿಟ್ಟು ಹಾಕಿದರೂ ರಾಗಿ ಸರಿ ತೆಳ್ಳಗೆ ನುಂಗುವ ಹದದಲ್ಲಿ ಇರುತ್ತದೆ. ಉಗುರು ಬೆಚ್ಚಗಾದ ಮೇಲೆ ಒಂದು ಚಮಚ ಎದೆಹಾಲು ಬೆರೆಸಿದರೂ ಇನ್ನಷ್ಟು ಸಡಿಲವಾಗುತ್ತದೆ, ಅದರಲ್ಲೂ ಅದೇ ಕಿಣ್ವ ಇದೆ. ಬಿಸಿ ಇರುವಾಗಲೇ ಹಾಕಿದರೆ ಕಿಣ್ವ ಕೆಡುತ್ತದೆ. ಉಪ್ಪು, ಸಕ್ಕರೆ, ಬೆಲ್ಲ ಬೇಡ. ವರ್ಷ ತುಂಬುವವರೆಗೆ ಜೇನುತುಪ್ಪವಂತೂ ನೆಕ್ಕಿಸಲೂಬಾರದು, ಅದರಲ್ಲಿರಬಹುದಾದ ಬಾಟುಲಿಸಂ ಬೀಜಾಣುಗಳು ಹಸುಗೂಸಿನ ಕರುಳಿನಲ್ಲಿ ಬೆಳೆಯುತ್ತವೆ.

ಸಿಹಿಗುಂಬಳ, ಕ್ಯಾರೆಟ್, ಸಿಹಿಗೆಣಸು, ಸೇಬು ಎಲ್ಲಕ್ಕೂ ಇದೇ ವಿಧಾನ. ಅರ್ಧ ಇಂಚಿನ ಹೋಳು ಮಾಡಿದರೆ ಸಿಹಿಗುಂಬಳ ಹತ್ತು ನಿಮಿಷ, ಕ್ಯಾರೆಟ್ ಹದಿನೈದರಿಂದ ಹದಿನೆಂಟು. ಬೆರಳ ತುದಿಯಲ್ಲಿ ಒತ್ತಿದರೆ ಕರಗಿದ ಹಾಗೆ ಆಗಬೇಕು. ಮಿಕ್ಸಿ ಇಲ್ಲವೆಂದು ಕೈಚೆಲ್ಲಬೇಕಿಲ್ಲ: ಸ್ಟೀಲ್ ಟೀ ಜರಡಿಯಲ್ಲಿ ಹಾಕಿ ಚಮಚದ ಬೆನ್ನಿನಿಂದ ಒತ್ತಿದರೆ ನಾರು ಮೇಲೆ ನಿಂತು ನುಣ್ಣನೆಯ ತಿರುಳು ಕೆಳಗೆ ಬರುತ್ತದೆ. ಏಳೆಂಟು ತಿಂಗಳಾದ ಮೇಲೆ ಜರಡಿಯೂ ಬೇಡ, ಫೋರ್ಕಿನಲ್ಲಿ ಕಿವುಚಿದರೆ ಸಾಕು. ಮೊಟ್ಟೆ ಕುದಿನೀರಲ್ಲಿ ಹನ್ನೆರಡು ನಿಮಿಷ, ಹಳದಿ ಪೂರ್ತಿ ಗಟ್ಟಿಯಾಗಬೇಕು.

ಕಷ್ಟ ಕೊಡುವುದು ಬೇಳೆ. ತೊಗರಿಬೇಳೆಯನ್ನು ಇದರಲ್ಲಿ ಮೆತ್ತಗೆ ಬೇಯಿಸುವ ಆಸೆ ಬಿಡಿ. ಒತ್ತಡವಿಲ್ಲದ ಪಾತ್ರೆ, ಅದರ ಮೇಲೆ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಆಸುಪಾಸಿನಲ್ಲಿ. ಬೋರ್‌ವೆಲ್‌ನ ಗಡಸು ನೀರಾದರೆ ಇನ್ನೂ ನಿಧಾನ. ಸಿಪ್ಪೆ ತೆಗೆದ ಹೆಸರುಬೇಳೆ ಮಾತ್ರ ಒಪ್ಪುತ್ತದೆ: ಒಂದು ಟೇಬಲ್ ಚಮಚ ಬೇಳೆ, ಎರಡು ಚಮಚ ಅಕ್ಕಿ ನುಚ್ಚು, ಒಂದು ಗಂಟೆ ನೆನೆಸಿ, 200 ಮಿ.ಲೀ. ನೀರಿನೊಂದಿಗೆ ಒಳಬಟ್ಟಲಲ್ಲಿ ನಲವತ್ತು ನಿಮಿಷ. ಕೊನೆಗೆ ಅರ್ಧ ಚಮಚ ತುಪ್ಪ. ನಡುವೆ ಹೊರಗಿನ ನೀರಿನ ಮೇಲೆ ಕಣ್ಣಿರಲಿ. ಪೂರ್ತಿ 600 ವ್ಯಾಟ್‌ನಲ್ಲಿ ಕುದಿಯುತ್ತಿದ್ದರೆ ನಿಮಿಷಕ್ಕೆ ಹೆಚ್ಚುಕಡಿಮೆ 15 ಮಿ.ಲೀ. ಆವಿಯಾಗುತ್ತದೆ, 400 ಮಿ.ಲೀ. ಅರ್ಧ ಗಂಟೆಯೂ ಬರುವುದಿಲ್ಲ. ಕುದಿ ಬಂದ ಮೇಲೆ ಗುಂಡಿಯನ್ನು ಕಡಿಮೆಗೆ ತಿರುಗಿಸಿ, ಇಪ್ಪತ್ತನೇ ನಿಮಿಷಕ್ಕೆ ಬಿಸಿನೀರು ಸೇರಿಸಿ. ತಣ್ಣೀರು ಸುರಿದರೆ ಹಬೆ ನಿಂತು ನುಚ್ಚು ಅರೆಬೆಂದೇ ಉಳಿಯುತ್ತದೆ.

ಕೊಳ್ಳುವಾಗ ಆ ಗುಂಡಿಯನ್ನೇ ಮೊದಲು ನೋಡಿ. ಕೆಳಗಿನ ಲೇಬಲ್‌ನಲ್ಲಿ 300/600 ವ್ಯಾಟ್ ಎಂದಿದ್ದರೆ ಕಾವು ನಿಜವಾಗಿ ಅರ್ಧಕ್ಕೆ ಇಳಿಯುತ್ತದೆ. ಬರೀ 600 ಎಂದಿದ್ದರೆ 'ಲೋ' ಅನ್ನುವುದು ಪೂರ್ತಿ ಕಾವನ್ನೇ ಹತ್ತಿಸಿ ಆರಿಸುವ ಆಟ, ಕುದಿ ಏರಿ ಇಳಿಯುತ್ತಿರುತ್ತದೆ. ಒಳಗೆ ನಾನ್‌ಸ್ಟಿಕ್ ಲೇಪ ಇರುವುದು ಬೇಡ, ಸ್ಟ್ಯಾಂಡ್ ಇಟ್ಟು ತೆಗೆದು ಕೆಲವೇ ವಾರಕ್ಕೆ ಗೀರು ಬೀಳುತ್ತದೆ. 304 ದರ್ಜೆಯ ಸ್ಟೀಲ್, ಐಎಸ್‌ಐ ಗುರುತು, ಮೂರು ಪಿನ್ನಿನ ಪ್ಲಗ್. ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿ ಬಳಸಿದರೆ ಅರ್ತ್ ತಪ್ಪುತ್ತದೆ, ಮೈಯೆಲ್ಲ ಸ್ಟೀಲ್ ಇರುವ ಸಾಮಾನಿಗೆ ಅದು ಅಪಾಯ.

ಮಾಮೂಲಿ 1500 ವ್ಯಾಟ್ ಕೆಟಲ್ ಸಾಲದೇ ಎಂದು ಕೇಳುವವರು ಬಹಳ. ನೀರು ಕಾಯಿಸಲು ಅದೇ ಹೆಚ್ಚು ವೇಗ, ಒಪ್ಪಬೇಕು. ಆದರೆ 230 ವೋಲ್ಟ್‌ನಲ್ಲಿ ಅದು ಆರೂವರೆ ಆಂಪ್ ಎಳೆಯುತ್ತದೆ, ಲಾಡ್ಜ್ ಮಂಚದ ಪಕ್ಕದ 6 ಆಂಪ್ ಸಾಕೆಟ್‌ಗೆ ಅದು ಹೆಚ್ಚು. 600 ವ್ಯಾಟ್ ಎಳೆಯುವುದು 2.6 ಆಂಪ್ ಅಷ್ಟೇ. ಮಾಮೂಲಿ ಕೆಟಲ್‌ನಲ್ಲಿ ಗಂಜಿ ಕಾಯಿಸಿದರಂತೂ ಮೂತಿಯ ಜರಡಿಯಲ್ಲಿ ಸಿಕ್ಕಿ ಒಣಗಿದ್ದನ್ನು ಬಿಡಿಸಲು ಕೈಯೇ ಹೋಗುವುದಿಲ್ಲ. ರೈಲಿನ ಚಾರ್ಜಿಂಗ್ ಪಾಯಿಂಟ್‌ಗೆ ಯಾವ ಕೆಟಲ್ಲನ್ನೂ ಹಾಕಬಾರದು, ರೈಲ್ವೆ ನಿಯಮ ಅದಕ್ಕೆ ಬಿಡುವುದಿಲ್ಲ.

ರೈಲಿಗೂ ಬಸ್ಸಿಗೂ ಅರ್ಧ ಲೀಟರಿನ ಸ್ಟೀಲ್ ಫ್ಲಾಸ್ಕ್ ಮತ್ತು ರಾಗಿ ಹುರಿಹಿಟ್ಟೇ ಸರಿ. ಅರಳು ಹುರಿದು ಬೀಸಿದ ಹಿಟ್ಟಾದ್ದರಿಂದ ಮತ್ತೆ ಬೇಯಿಸುವ ಕೆಲಸವಿಲ್ಲ, ಸೋಸಿದ ಹಿಟ್ಟಿಗೆ ಕುದಿನೀರು ಹಾಕಿ ಕಲಸಿ ಆರಿಸಿದರೆ ಊಟ ಸಿದ್ಧ. ಫ್ಲಾಸ್ಕಿಗೆ ಮೊದಲು ಕುದಿನೀರು ತುಂಬಿಸಿ ಐದು ನಿಮಿಷ ಬಿಟ್ಟು ಚೆಲ್ಲಿ, ಆಮೇಲೆ ಹೊಸ ಕುದಿನೀರು ಕುತ್ತಿಗೆವರೆಗೆ ತುಂಬಿ. ಅರ್ಧ ತುಂಬಿದ ಫ್ಲಾಸ್ಕ್ ಬೇಗ ಆರುತ್ತದೆ. ಅಂಗಡಿ ಹುರಿಹಿಟ್ಟಿನಲ್ಲಿ ಸಕ್ಕರೆ, ಕಡಲೆಬೀಜದ ತರಿ ಸೇರಿರುವುದುಂಟು, ಲೇಬಲ್ ಓದಿಯೇ ತನ್ನಿ. ಬಿಸಿ ಗಂಜಿಯನ್ನು ಫ್ಲಾಸ್ಕಿನಲ್ಲಿ ಸಂಜೆವರೆಗೆ ಹೊರುವುದು ಬೇಡ. 60 ಡಿಗ್ರಿಗಿಂತ ಕೆಳಗಿಳಿದ ಬೆಚ್ಚನೆಯ ಅನ್ನದಲ್ಲಿ, ಬೇಯಿಸಿದರೂ ಸಾಯದ ಬೀಜಾಣುಗಳಿಂದ ಬ್ಯಾಕ್ಟೀರಿಯಾ ಹುಟ್ಟಿ ಬೆಳೆಯುತ್ತವೆ. ಫ್ರಿಜ್ ಇಲ್ಲದ ಕಡೆ ಬೇಯಿಸಿದ್ದು ಎರಡು ಗಂಟೆ, ಮಗುವಿನ ಎಂಜಲು ಚಮಚ ತಾಗಿದ್ದು ಆ ಊಟಕ್ಕೇ ಮುಗಿಯಿತು.

ಮಲ್ಟಿ ಕೆಟಲ್‌ನ ದೊಡ್ಡ ತಲೆನೋವು ತೊಳೆಯುವುದು. ಪಾತ್ರೆ ಬೇರೆಯಾಗದ ಮಾದರಿಯನ್ನು ನಲ್ಲಿ ಕೆಳಗೆ ಹಿಡಿದರೆ ತಳದ ಕನೆಕ್ಟರ್‌ಗೆ ನೀರು ಇಳಿಯುತ್ತದೆ. ಒಳಗೆ ಬಿಸಿನೀರು ಬಿಟ್ಟು ಸ್ಪಂಜಿನಲ್ಲಿ ಒರೆಸಿ, ತಳ ಪೂರ್ತಿ ಒಣಗಿದ ಮೇಲೆಯೇ ಪ್ಲಗ್. ಗಡಸು ನೀರಿನ ಬಿಳಿ ಪದರಕ್ಕೆ ಅರ್ಧ ನಿಂಬೆಹಣ್ಣು ಹಿಂಡಿದ ನೀರು ಕುದಿಸಿ ಅರ್ಧ ಗಂಟೆ ಬಿಟ್ಟರೆ ಸಾಕು. ದೊಡ್ಡವರ ಮಸಾಲೆ ನೂಡಲ್ಸನ್ನು ಇದರಲ್ಲೇ ಮಾಡಿದರೆ ಆ ವಾಸನೆ ಮುಚ್ಚಳದ ರಬ್ಬರ್‌ನಲ್ಲಿ ಕೂತುಬಿಡುತ್ತದೆ, ಮಾರನೇ ದಿನದ ಸೇಬಿಗೆ ಬೆಳ್ಳುಳ್ಳಿ ಪರಿಮಳ. ಒಗ್ಗರಣೆ, ರವೆ ಹುರಿಯುವುದು ಇದರಲ್ಲಿ ಆಗದು, ಒಣ ತಳಕ್ಕೆ ಕರೆಂಟ್ ಕಡಿಯುತ್ತದೆ. ರವೆ ಊರಲ್ಲೇ ಹುರಿದು ತರಬೇಕು.

ವಯರ್ ಸಾಮಾನ್ಯವಾಗಿ ಒಂದು ಮೀಟರ್ ಕೂಡ ಇರುವುದಿಲ್ಲ. ಗೊಣಗುವವರು ಇದ್ದಾರೆ, ಆದರೆ ಅಂಬೆಗಾಲಿಡುವ ಮಗು ಇರುವ ಕೋಣೆಯಲ್ಲಿ ಅದೇ ಒಳ್ಳೆಯದು. ಜೋತುಬಿದ್ದ ವಯರನ್ನು ಮಗು ಎಳೆದರೆ ಕುದಿನೀರಿನ ಪಾತ್ರೆ ನೇರ ಮೈಮೇಲೆ ಬರುತ್ತದೆ. ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿ ನೆಲದ ಮೇಲೆ ಇಡಬೇಡಿ. ಅಮೆರಿಕಕ್ಕೆ ಬಾಣಂತನ, ಮೊಮ್ಮಗುವಿನ ಆರೈಕೆ ಎಂದು ಹೋಗುವ ಅಜ್ಜಿಯರು ಸೂಟ್‌ಕೇಸಿನಲ್ಲಿ ಇದನ್ನು ಹೊತ್ತುಕೊಂಡು ಹೋಗುವುದೂ ದಂಡ: ಅಲ್ಲಿನ 120 ವೋಲ್ಟ್‌ನಲ್ಲಿ 600 ವ್ಯಾಟ್ ಕೆಟಲ್ ಸುಮಾರು 160 ವ್ಯಾಟ್‌ಗೆ ಇಳಿಯುತ್ತದೆ, ನೀರು ಕುದಿಯಲು ಬಹಳ ಹೊತ್ತು ಹಿಡಿಯುತ್ತದೆ, ಹಬೆಯೂ ಸಾಲದು.