ಆ್ಯಪ್ ಇರುವ ಬಾಡಿಗೆ ವಾಟರ್ ಪ್ಯೂರಿಫೈಯರ್ ತರುವ ಮುಂಚೆ ಇದನ್ನು ಓದಿ

ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ತಿಂಗಳಿಗೆ ಇಷ್ಟು ಅಂತ ಕಟ್ಟಿಸಿಕೊಂಡು, ಆ್ಯಪ್ ಸಮೇತ ಕೊಡುವ ಆರ್‌ಒ (ನೀರಿನಲ್ಲಿ ಕರಗಿದ ಲವಣ ಸೋಸಿ ತೆಗೆಯುವ) ವಾಟರ್ ಪ್ಯೂರಿಫೈಯರ್ ತರಬೇಕು ಅಂತಿದ್ದರೆ ಬುಕ್ ಮಾಡುವ ಮುಂಚೆ ಓದಿ. ಕಂಪನಿಯ ಹೆಸರು ಹಾಕುವುದಿಲ್ಲ. ನಮ್ಮ ಲೆಕ್ಕ ಚುಕ್ತಾ ಆಗಿದೆ, ಹೊಸ ರಗಳೆ ಬೇಡ. ಅದೂ ಅಲ್ಲದೆ ಕಂಪನಿ ಯಾವುದಾದರೂ, ದೂರದಿಂದ ಬಂದ್ ಮಾಡಬಹುದಾದ ಯಂತ್ರ ಅಂದಮೇಲೆ ತಾಪತ್ರಯ ಇದ್ದೇ ಇರುತ್ತದೆ.

ನಾವು ತಂದದ್ದು 2024ರ ಬೇಸಿಗೆಯಲ್ಲಿ. ಆ ಬೇಸಿಗೆ ಯಾರಿಗೆ ಮರೆತಿದೆ ಹೇಳಿ? ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ ವರ್ಷ ಅದು. ನಾವಾಗ ಬಸವೇಶ್ವರನಗರದಲ್ಲಿದ್ದೆವು. ಕಾವೇರಿ ಬರುತ್ತಿತ್ತು, ಆದರೆ ಸಂಪು ತುಂಬುತ್ತಿರಲಿಲ್ಲ. ಓನರ್ ಟ್ಯಾಂಕರ್ ಹಾಕಿಸುತ್ತಿದ್ದರು. ಕಾವೇರಿಯೂ ಟ್ಯಾಂಕರ್ ನೀರೂ ಒಂದೇ ಸಂಪಿಗೆ. ಪಾತ್ರೆಗಳ ತಳದಲ್ಲಿ ಬಿಳಿ ಕಟ್ಟತೊಡಗಿತು. "ಈ ನೀರಲ್ಲಿ ಬೇಳೆ ಬೇಯಲ್ಲ ಕಣೋ" ಅಂತ ಅಮ್ಮ ದಿನಾ ಗೊಣಗುತ್ತಿದ್ದರು.

ಹೊಸ ಯಂತ್ರ ಕೊಳ್ಳೋಣ ಅಂದರೆ ಒಟ್ಟಿಗೆ ಅಷ್ಟು ದುಡ್ಡು ಹಾಕಬೇಕು. ಬಾಡಿಗೆಯದಾದರೆ 1,500 ಡೆಪಾಸಿಟ್, ತಿಂಗಳಿಗೆ 449 ರೂಪಾಯಿ. ಫಿಲ್ಟರ್, ಮೆಂಬ್ರೇನ್ (ಒಳಗೆ ಲವಣ ತಡೆಯುವ ತೆಳು ಪೊರೆ), ಸರ್ವಿಸ್ ಎಲ್ಲ ಅವರದೇ. ಬೇಡವಾದಾಗ ವಾಪಸ್ ಕೊಟ್ಟರಾಯಿತು ಅಂದರು.

ಮಾರಲು ಬಂದವನು ಒಂದು ಆಟ ಆಡಿ ತೋರಿಸಿದ. ಇದನ್ನು ನೀವೂ ನೋಡಿರುತ್ತೀರಿ. ಎರಡು ಲೋಟ ಇಡುತ್ತಾರೆ. ಒಂದರಲ್ಲಿ ನಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವರ ಆರ್‌ಒ ನೀರು. ಕಡ್ಡಿಗಳಿರುವ ಒಂದು ಸಣ್ಣ ಡಬ್ಬಿಯನ್ನು ಎರಡರ ಮೇಲೂ ಕೂರಿಸಿ ಕರೆಂಟ್ ಕೊಡುತ್ತಾರೆ. ಸ್ವಲ್ಪ ಹೊತ್ತಿಗೆ ನಮ್ಮ ನೀರು ಕಂದು ಬಣ್ಣಕ್ಕೆ ತಿರುಗಿ ರಾಡಿ ಆಗುತ್ತದೆ. ಅವರದು ಹಾಗೇ ಇರುತ್ತದೆ. "ನೋಡಿ ಸರ್, ಇದನ್ನೇ ನೀವು ಕುಡೀತಿರೋದು" ಅನ್ನುತ್ತಾರೆ. ಅಮ್ಮ ಅಲ್ಲೇ ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

ಆ ರಾಡಿ ನೀರಿನಲ್ಲಿದ್ದ ಕೊಳೆ ಅಲ್ಲ, ಕಡ್ಡಿಯಿಂದ ಬಿಟ್ಟ ಕಬ್ಬಿಣ. ನಲ್ಲಿ ನೀರಿನಲ್ಲಿ ಲವಣಗಳಿರುವುದರಿಂದ ಕರೆಂಟ್ ಹರಿಯುತ್ತದೆ, ಕಡ್ಡಿ ಕರಗಿ ತುಕ್ಕು ಬಿಡುತ್ತದೆ. ಆರ್‌ಒ ನೀರಿನಲ್ಲಿ ಲವಣ ತೀರಾ ಕಡಿಮೆ, ಅದಕ್ಕೇ ಅಲ್ಲಿ ಹೆಚ್ಚೇನೂ ಆಗುವುದಿಲ್ಲ. ನಂಬಿಕೆ ಬಾರದಿದ್ದರೆ ಆರ್‌ಒ ನೀರಿನ ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ, ಮತ್ತೆ ಅದೇ ಡಬ್ಬಿ ಇಡಿ ಅಂತ ಹೇಳಿ. ಅದೂ ಕಂದಾಗುತ್ತದೆ. ಉಪ್ಪು ತನ್ನಿ ಅಂದ ತಕ್ಷಣ ಬಂದವರಿಗೆ ಇನ್ನೊಂದು ಮನೆಗೆ ಹೋಗುವ ಅರ್ಜೆಂಟ್ ಶುರುವಾಗಬಹುದು.

ನಿಜವಾಗಿ ನೋಡಬೇಕಾದದ್ದು ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ. ಅಳೆಯುವ ಪೆನ್ನಿನಂಥ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡ ಐಎಸ್ 10500. ಅದರ ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ಇದ್ದರೆ ಒಳ್ಳೆಯದು. ಬೇರೆ ನೀರೇ ಸಿಗದ ಕಡೆ 2,000ದವರೆಗೂ ಒಪ್ಪಬಹುದು. ಬರೀ ಕಾವೇರಿ ನೀರಾದರೆ ಆ 500ಕ್ಕಿಂತ ಎಷ್ಟೋ ಕೆಳಗೇ ಇರುತ್ತದೆ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆ ನಿಷೇಧಿಸಿ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಕೇಂದ್ರ ಪರಿಸರ ಸಚಿವಾಲಯಕ್ಕೆ ಹೇಳಿತ್ತು. ಕಾರಣ, ಈ ಯಂತ್ರ ಒಂದು ಲೀಟರ್ ಕೊಡಲು ಸಾಮಾನ್ಯವಾಗಿ ಎರಡು ಮೂರು ಲೀಟರ್ ಹೊರಗೆ ಚೆಲ್ಲುತ್ತದೆ. ಟ್ಯಾಂಕರ್‌ಗೆ ದುಡ್ಡು ಕೊಟ್ಟು ತರಿಸಿದ ನೀರು ಸಿಂಕಿಗೆ ಹರಿದುಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನಾವು ಬಕೆಟ್ ಇಟ್ಟು ನೆಲ ಒರೆಸಲು ಬಳಸುತ್ತಿದ್ದೆವು. ಹಾಗಂತ ಟಿಡಿಎಸ್ ಕಡಿಮೆ ಅಂದರೆ ನೀರು ಸುರಕ್ಷಿತ ಅಂತಲ್ಲ. ಕೀಟಾಣು ಇದೆಯೋ ಇಲ್ಲವೋ ಅಂತ ಆ ಮೀಟರ್ ಹೇಳುವುದಿಲ್ಲ. ಅದಕ್ಕೆ ಕುದಿಸಬೇಕು, ಇಲ್ಲವೇ ಅತಿನೇರಳೆ ಬೆಳಕಿನಿಂದ ಕೀಟಾಣು ಸಾಯಿಸುವ ಯುವಿ ಫಿಲ್ಟರ್ ಬೇಕು.

ಆ ಬೇಸಿಗೆಯಲ್ಲಿ ಮಾತ್ರ ಮಿಶ್ರ ನೀರಾದ್ದರಿಂದ ನಮಗೆ ಯಂತ್ರ ಬೇಕೇ ಬೇಕಿತ್ತು. ಮೊದಲ ಕೆಲವು ತಿಂಗಳು ತಕರಾರಿಲ್ಲದೆ ನೀರು ಬಂತು. ಅದನ್ನೂ ಹೇಳಬೇಕು.

ತೊಂದರೆ ಶುರುವಾದದ್ದು ನಾನು ಊರಲ್ಲಿಲ್ಲದಾಗ. ಒಂದು ಮದುವೆಗೆ ಅಂತ ನಾವು ಶಿವಮೊಗ್ಗಕ್ಕೆ ಹೋಗಿದ್ದೆವು. ಅಮ್ಮ ಒಬ್ಬರೇ ಮನೆಯಲ್ಲಿದ್ದರು. ನಾವು ಹೊರಡುವ ಮುಂಚೆಯೇ ನಮ್ಮ ರಸ್ತೆ ಅಗೆಯುವಾಗ ಇಂಟರ್‌ನೆಟ್ ಕೇಬಲ್ ತುಂಡಾಗಿತ್ತು. ಬೆಂಗಳೂರಲ್ಲಿ ಇದೇನೂ ದೊಡ್ಡ ಸುದ್ದಿ ಅಲ್ಲ. ಆದರೆ ಮನೆಯ ವೈಫೈ ಹೋದರೆ ಅಡುಗೆಮನೆಯ ನೀರೂ ನಿಲ್ಲುತ್ತದೆ ಅಂತ ಯಾರು ಅಂದುಕೊಳ್ಳುತ್ತಾರೆ?

"ಕೆಂಪು ಲೈಟ್ ಮಿಣಮಿಣ ಅಂತಿದೆ ಕಣೋ. ನೀರು ಬರ್ತಿಲ್ಲ. ಸ್ವಿಚ್ ಆಫ್ ಮಾಡಿ ಹಾಕಿದ್ರೂ ಅಷ್ಟೇ" ಅಂತ ಅಮ್ಮ ಫೋನ್ ಮಾಡಿದರು. ಯಂತ್ರ ಕೆಟ್ಟಿರಲಿಲ್ಲ. ಕರೆಂಟ್ ಇತ್ತು, ಟ್ಯಾಂಕಿನಲ್ಲಿ ನೀರಿತ್ತು, ಬಾಡಿಗೆಯೂ ಕಟ್ಟಿತ್ತು. ಇಂಥ ಯಂತ್ರದೊಳಗೆ ನೀರಿನ ದಾರಿಗೆ ಅಡ್ಡ ಒಂದು ಎಲೆಕ್ಟ್ರಿಕ್ ವಾಲ್ವ್ ಇರುತ್ತದೆ. ಎಷ್ಟು ಲೀಟರ್ ಹೋಯಿತು ಅಂತ ಎಣಿಸುವ ಸೆನ್ಸರ್ ಇರುತ್ತದೆ. ನಮ್ಮ ಯಂತ್ರ ಆ ಲೆಕ್ಕವನ್ನು ಆಗಾಗ ಕಂಪನಿಯ ಸರ್ವರಿಗೆ ಕಳಿಸಬೇಕಿತ್ತು. ಬಾಡಿಗೆ ಬಂದಿದೆ, ನೀರು ಬಿಡು ಅಂತ ಅಲ್ಲಿಂದ ಒಪ್ಪಿಗೆ ಬರಬೇಕಿತ್ತು. ಸಂಪರ್ಕ ತಪ್ಪಿ ಕೆಲವು ದಿನ ಆದರೆ ಯಂತ್ರ ತಾನಾಗಿ ವಾಲ್ವ್ ಮುಚ್ಚಿಕೊಳ್ಳುತ್ತದೆ. ಒಲೆ ಹಚ್ಚುವ ಮುಂಚೆ ಗ್ಯಾಸ್ ಕಂಪನಿಗೆ ಫೋನ್ ಮಾಡಿ ಕೇಳಿದ ಹಾಗಾಯಿತು ಇದು.

ಕಸ್ಟಮರ್ ಕೇರ್‌ನವರು ಹೇಳಿದ ಪರಿಹಾರ ಇನ್ನೂ ಚೆಂದ. "ಸರ್, ನೀವು ಮೆಷಿನ್ ಹತ್ರ ನಿಂತ್ಕೊಂಡು ಬ್ಲೂಟೂತ್ ಆನ್ ಮಾಡಿ, ಆ್ಯಪಲ್ಲಿ ಸಿಂಕ್ ಒತ್ತಿ." ನಾನು ಶಿವಮೊಗ್ಗದಲ್ಲಿದ್ದೇನೆ ಅಂದೆ. "ಹಾಗಿದ್ರೆ ಮನೇಲಿರೋರ ಫೋನಲ್ಲಿ ಲಾಗಿನ್ ಮಾಡಿಸಿ." ಅಮ್ಮನ ಹತ್ತಿರ ಇರುವುದು ಬಟನ್ ಫೋನ್. ಕೊನೆಗೆ ಪಕ್ಕದ ಮನೆಯ ಆಂಟಿ ಅವರ ಮಗನ ಕೈಲಿ ಕ್ಯಾನ್ ನೀರು ತರಿಸಿಕೊಟ್ಟರು. ವಯಸ್ಸಾದವರು ಒಬ್ಬರೇ ಇರುವ ಮನೆಗೆ ಈ ಯಂತ್ರ ಖಂಡಿತ ಬೇಡ. ಇಡೀ ಬರಹದಲ್ಲಿ ಇದೊಂದು ನೆನಪಿಟ್ಟುಕೊಂಡರೂ ಸಾಕು.

ಆಮೇಲೆ ಸರ್ವಿಸ್. ನೀರಿನ ಹರಿವು ಕಡಿಮೆಯಾಗಿ ಕಂಪ್ಲೇಂಟ್ ಕೊಟ್ಟರೆ ಟೆಕ್ನಿಷಿಯನ್ ಬರುತ್ತಿದ್ದ. ಬಿಚ್ಚಿ ನೋಡುತ್ತಿದ್ದ. "ಮೆಂಬ್ರೇನ್ ಹೋಗಿದೆ ಸರ್, ಸ್ಟಾಕ್ ಇಲ್ಲ, ಬಂದ ತಕ್ಷಣ ಹಾಕ್ತೀನಿ. ಈಗ ಒಟಿಪಿ ಹೇಳಿ." ಕೆಲಸವೇ ಆಗಿಲ್ಲ, ಒಟಿಪಿ ಯಾಕಪ್ಪಾ ಅಂದರೆ, "ಇವತ್ತು ಕ್ಲೋಸ್ ಮಾಡದಿದ್ರೆ ನನಗೆ ಪೆನಾಲ್ಟಿ ಬೀಳುತ್ತೆ ಸರ್" ಅನ್ನುತ್ತಿದ್ದ. ಪಾಪ, ಅವನ ಮೇಲೆ ಕೋಪ ಮಾಡಿಕೊಳ್ಳುವುದು ಹೇಗೆ? ಬಿಸಿಲಲ್ಲಿ ಬೈಕ್ ಓಡಿಸಿಕೊಂಡು ಬಂದ ಹುಡುಗ. ಆದರೆ ನಾವು ಒಟಿಪಿ ಹೇಳಿದ ಕೂಡಲೇ ಕಂಪನಿಯ ಲೆಕ್ಕದಲ್ಲಿ ತೊಂದರೆ ಬಗೆಹರಿಯಿತು. 'ನಿಮ್ಮ ಸಮಸ್ಯೆ ಪರಿಹಾರವಾಗಿದೆ, ಐದು ಸ್ಟಾರ್ ಕೊಡಿ' ಅಂತ ಮೆಸೇಜ್ ಬರುತ್ತದೆ. ಹೊಸ ಕಂಪ್ಲೇಂಟ್ ಹಾಕಿದರೆ ಮತ್ತೆ ಮೊದಲಿನಿಂದ. ಯಾವ ಕಂಪನಿಯ ಯಾವ ರಿಪೇರಿಯೇ ಆಗಲಿ, ಕೆಲಸ ಮುಗಿದು ನೀವು ನೋಡುವವರೆಗೆ ಒಟಿಪಿ ಹೇಳಬೇಡಿ. ಹುಡುಗ ಒತ್ತಾಯ ಮಾಡಿದರೆ 'ಪಾರ್ಟ್ ಇಲ್ಲ' ಅಂತ ಆ್ಯಪಿನಲ್ಲೇ ಬರೆಯಲು ಹೇಳಿ.

ಮನೆ ಬದಲಾಯಿಸಿದಾಗ ನಿಜವಾದ ತಮಾಷೆ ಆಯಿತು. ನಾವು ಹೆಸರಘಟ್ಟ ರಸ್ತೆಯ ಒಳಗಿನ ಒಂದು ಲೇಔಟಿಗೆ ಬಂದೆವು. ಇಲ್ಲಿ ಪೂರಾ ಬೋರ್‌ವೆಲ್ ನೀರು. ಮೀಟರ್ ಹಿಡಿದರೆ ಸಾವಿರದ ಮೇಲೆ. ಆರ್‌ಒ ನಿಜವಾಗಿ ಬೇಕಾದದ್ದು ಇಲ್ಲಿ. ಆದರೆ ಆ್ಯಪಿನಲ್ಲಿ ಹೊಸ ಪಿನ್‌ಕೋಡ್ ಹಾಕಿದರೆ 'ಈ ಪ್ರದೇಶದಲ್ಲಿ ನಮ್ಮ ಸೇವೆ ಇಲ್ಲ' ಅಂತ ಬಂತು. ಕಾವೇರಿ ಬರುವ ಏರಿಯಾಗೆಲ್ಲ ಓಡೋಡಿ ಬಂದು ಯಂತ್ರ ಕೊಡುತ್ತಾರೆ, ಬೋರ್ ನೀರಿನ ಏರಿಯಾಗೆ ಬರುವುದಿಲ್ಲ. ಗಡಸು ನೀರಿನಲ್ಲಿ ಮೆಂಬ್ರೇನ್ ಬೇಗ ಕಟ್ಟಿಕೊಳ್ಳುತ್ತದೆ, ಅವರಿಗೆ ಖರ್ಚು ಜಾಸ್ತಿ. ಅದೇ ಕಾರಣ ಇರಬೇಕು ಅಂತ ನನ್ನ ಅನುಮಾನ.

ಸರಿ, ವಾಪಸ್ ತಗೊಂಡು ಹೋಗಿ ಅಂದೆ. ಬುಕ್ ಮಾಡಲು ಆ್ಯಪಿನಲ್ಲಿ ದೊಡ್ಡ ಹಸಿರು ಬಟನ್ ಇತ್ತು. ಬಿಡಲು ಬಟನ್ನೇ ಇಲ್ಲ. ಚಾಟ್‌ನಲ್ಲಿ ಕೇಳಬೇಕು. ಅಲ್ಲಿ ಉತ್ತರಿಸುವುದು ಮನುಷ್ಯರಲ್ಲ, ಬಾಟ್. 'ಕ್ಯಾನ್ಸಲ್' ಅಂತ ಬರೆದರೆ 'ಎರಡು ತಿಂಗಳು ಅರ್ಧ ಬೆಲೆ' ಅನ್ನುತ್ತದೆ. ಹಳೇ ವಿಳಾಸಕ್ಕೆ ಮಾತ್ರ ಬಂದು ತೆಗೆದುಕೊಂಡು ಹೋಗುತ್ತೇವೆ ಅಂದರು. ಹಳೇ ಮನೆಗೆ ಆಗಲೇ ಬೇರೆಯವರು ಬಂದಿದ್ದರು. ಯಂತ್ರ ಹೊಸ ಮನೆಯ ಮೂಲೆಯಲ್ಲಿ ಪೇಪರ್ ಸುತ್ತಿಕೊಂಡು ಕೂತಿತು. ತಿಂಗಳಿಗೆ 449 ಮಾತ್ರ ಸರಿಯಾದ ತಾರೀಕಿಗೆ ಕಟ್ ಆಗುತ್ತಲೇ ಇತ್ತು.

ಹೀಗೆ ಸೇರಿಸಿಕೊಂಡು ಬಿಡದಿರುವುದಕ್ಕೆ ಸರ್ಕಾರವೇ ಹೆಸರಿಟ್ಟಿದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ಡಾರ್ಕ್ ಪ್ಯಾಟರ್ನ್‌ಗಳ ಪಟ್ಟಿ ಇದೆ. ಅದರಲ್ಲಿ ಸಬ್‌ಸ್ಕ್ರಿಪ್ಷನ್ ಟ್ರ್ಯಾಪ್ ಅನ್ನುವುದು ಇದೇ. ಬಿಡುವ ದಾರಿಯನ್ನು ಮುಚ್ಚಿಡುವುದು, ಉದ್ದ ಮಾಡುವುದು ತಪ್ಪು ಅಂತ ಬರೆದಿದ್ದಾರೆ. ಕಂಪನಿಗೆ ಈ ಮೇಲ್ ಬರೆಯುವಾಗ ಆ ಮಾರ್ಗಸೂಚಿಯನ್ನು ಹೆಸರು ಹೇಳಿಯೇ ಬರೆಯಿರಿ. ಸುಮ್ನೆ ಬೈದು ಬರೆದರೆ ಬಾಟ್ ಉತ್ತರ ಬರುತ್ತದೆ.

ದುಡ್ಡು ಕಟ್ ಆಗುವುದನ್ನು ನಿಲ್ಲಿಸಲು ಕಂಪನಿಯ ಒಪ್ಪಿಗೆ ಬೇಕಿಲ್ಲ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಕಂಪನಿಯ ಆ್ಯಪ್ ಡಿಲೀಟ್ ಮಾಡಿದರೆ ಆಟೋಪೇ, ಅಂದರೆ ತಿಂಗಳು ತಿಂಗಳು ತಾನಾಗಿ ದುಡ್ಡು ಕಟ್ ಆಗುವ ವ್ಯವಸ್ಥೆ, ನಿಲ್ಲುವುದಿಲ್ಲ. ನಿಮ್ಮ ಯುಪಿಐ ಆ್ಯಪಿನ ಪ್ರೊಫೈಲ್ ಒಳಗೆ ಆಟೋಪೇ ಅಥವಾ ಮ್ಯಾಂಡೇಟ್ ಅಂತ ಇರುತ್ತದೆ. ಅಲ್ಲಿ ಹೋಗಿ ರದ್ದು ಮಾಡಿ, ಪಿನ್ ಹಾಕಿದರೆ ಆಯಿತು. ಕಾರ್ಡ್ ಕೊಟ್ಟಿದ್ದರೆ ಬ್ಯಾಂಕಿನ ಕಡೆಯಿಂದ ರದ್ದು ಮಾಡಬೇಕು. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ದುಡ್ಡು ಕಟ್ ಆಗುವ ಕನಿಷ್ಠ 24 ಗಂಟೆ ಮುಂಚೆ ನಿಮಗೆ ತಿಳಿಸಬೇಕು. ಆ ಮೆಸೇಜ್ ನೂರಾರು ಆಫರ್ ಮೆಸೇಜುಗಳ ನಡುವೆ ಮುಳುಗಿಹೋಗುತ್ತದೆ ಅನ್ನುವುದು ಬೇರೆ ಮಾತು. ರದ್ದು ಮಾಡುವ ಮುಂಚೆ 'ಯಂತ್ರ ನಿಮ್ಮದು, ಇಂಥ ತಾರೀಕಿನಿಂದ ನಮಗೆ ಬೇಡ, ಈ ವಿಳಾಸದಿಂದ ತೆಗೆದುಕೊಂಡು ಹೋಗಿ' ಅಂತ ಬರವಣಿಗೆಯಲ್ಲಿ ಕಳಿಸಿ. ಇಲ್ಲದಿದ್ದರೆ ಯಂತ್ರ ಇಟ್ಟುಕೊಂಡು ಬಾಡಿಗೆ ಕೊಡಲಿಲ್ಲ ಅಂತ ನಿಮ್ಮ ಮೇಲೇ ತಿರುಗಿಸುತ್ತಾರೆ.

ಈ ಗಲಾಟೆಯ ಮಧ್ಯೆ ಇನ್ನೊಂದು ನಡೆಯಿತು. ಕಂಪನಿ ಫೋನ್ ಎತ್ತುತ್ತಿಲ್ಲ ಅಂತ ನನ್ನ ಹೆಂಡತಿ ಇಂಟರ್‌ನೆಟ್‌ನಲ್ಲಿ ಹುಡುಕಿ, ಸಿಕ್ಕ ನಂಬರಿಗೆ ಕರೆ ಮಾಡಿದಳು. ಒಂದೇ ರಿಂಗಿಗೆ ಎತ್ತಿದರು. ಅಲ್ಲೇ ಅವಳಿಗೆ ಅನುಮಾನ ಬಂತಂತೆ! "ಡೆಪಾಸಿಟ್ ಈಗಲೇ ಹಾಕ್ತೀವಿ ಮೇಡಂ, ಒಂದು ಆ್ಯಪ್ ಹಾಕ್ಕೊಳಿ, ರಿಕ್ವೆಸ್ಟ್ ಬರುತ್ತೆ, ಪಿನ್ ಒತ್ತಿ" ಅಂದರಂತೆ. ಫೋನ್ ಇಟ್ಟಳು. ದುಡ್ಡು ಬರುವುದಕ್ಕೆ ಯಾವತ್ತೂ ಯುಪಿಐ ಪಿನ್ ಬೇಕಿಲ್ಲ. ಪಿನ್ ಒತ್ತಿದರೆ ನಮ್ಮದೇ ಹೋಗುತ್ತದೆ. ಹೀಗೆ ಯಾರಾದರೂ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕಸ್ಟಮರ್ ಕೇರ್ ನಂಬರನ್ನು ಬಿಲ್ಲಿನಲ್ಲಿ ಅಥವಾ ಕಂಪನಿಯ ಆ್ಯಪಿನಲ್ಲಿ ಮಾತ್ರ ನೋಡಿ.

ಕೊನೆಗೆ ಕೆಲಸಕ್ಕೆ ಬಂದದ್ದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, 1915. ಕನ್ನಡದಲ್ಲೇ ಮಾತಾಡಬಹುದು. ಅದು ಕೋರ್ಟ್ ಅಲ್ಲ, ತೀರ್ಪು ಕೊಡುವುದಿಲ್ಲ. ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತದೆ, ಅಷ್ಟೇ. ಆದರೆ ಅಷ್ಟಕ್ಕೇ ನಮ್ಮ ಕಂಪನಿಗೆ ಇದ್ದಕ್ಕಿದ್ದಂತೆ ಹೆಸರಘಟ್ಟ ರಸ್ತೆಯ ದಾರಿ ಗೊತ್ತಾಯಿತು. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಕಂಪನಿಯ ಆಫೀಸು ಎಲ್ಲೇ ಇರಲಿ, ನೀವಿರುವ ಊರಿನಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಫೀಸ್ ಇಲ್ಲ, ವಕೀಲರೂ ಕಡ್ಡಾಯ ಅಲ್ಲ.

ಈಗ ನಮ್ಮ ಮನೆಯಲ್ಲಿರುವುದು ಏರಿಯಾದ ಅಂಗಡಿಯಲ್ಲಿ ಕೊಂಡ ಸಾದಾ ಆರ್‌ಒ. ವೈಫೈ ಇಲ್ಲ, ಆ್ಯಪ್ ಇಲ್ಲ. ಮೆಂಬ್ರೇನ್ ಎಲ್ಲ ಕಡೆ ಸಿಗುವ ಸೈಜಿನದು. ಅಂಗಡಿಯವರೇ ಬಂದು ಹಾಕಿಕೊಡುತ್ತಾರೆ. ಕೊಳ್ಳಲು ಆಗದಿದ್ದರೆ ಹತ್ತಿರದ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳುವುದು ಈ ಬಾಡಿಗೆ ತಾಪತ್ರಯಕ್ಕಿಂತ ಎಷ್ಟೋ ವಾಸಿ. ಇಷ್ಟಾದ ಮೇಲೂ ಬಾಡಿಗೆಯದೇ ಬೇಕು ಅಂದರೆ, ಇಂಟರ್‌ನೆಟ್ ಇಲ್ಲದಿದ್ದರೆ ಎಷ್ಟು ದಿನ ನೀರು ಬರುತ್ತದೆ, ಮನೆ ಬದಲಾಯಿಸಿದರೆ ಯಾವ ಯಾವ ಪಿನ್‌ಕೋಡಿಗೆ ಬರುತ್ತಾರೆ, ಡೆಪಾಸಿಟ್ ಎಷ್ಟು ದಿನದಲ್ಲಿ ವಾಪಸ್ ಅನ್ನುವುದನ್ನು ಫೋನಲ್ಲಿ ಕೇಳಬೇಡಿ, ಮೆಸೇಜಿನಲ್ಲಿ ಬರೆಸಿಕೊಳ್ಳಿ.

ಯಂತ್ರ ಹಾಕಿದ ದಿನ ಮತ್ತು ತೆಗೆದ ದಿನ ಎರಡೂ ಸಲ ಫೋಟೊ ಹೊಡೆದಿಡಿ. ಪೈಪು, ಅಡಾಪ್ಟರ್, ಸ್ಟ್ಯಾಂಡ್ ಎಲ್ಲ ಕಾಣಬೇಕು. ನಮ್ಮ ಡೆಪಾಸಿಟ್‌ನಲ್ಲಿ 300 ರೂಪಾಯಿಯನ್ನು 'ಸ್ಟ್ಯಾಂಡ್ ಇಲ್ಲ' ಅಂತ ಹಿಡಿದುಕೊಂಡಿದ್ದರು. ಅವರು ಸ್ಟ್ಯಾಂಡೇ ಕೊಟ್ಟಿರಲಿಲ್ಲ. ಹಾಕಿದ ದಿನದ ಫೋಟೊ ಕಳಿಸಿದ ಮೇಲೆ ಅದನ್ನೂ ಹಾಕಿದರು.